ಹಸಿದ ಫ್ಲಾಸ್ಕುಗಳಿಗೆ ಜುಂಜಪ್ಪನ ಎಡೆ

"ಈ ಹನ್ನೆರಡು ಫ್ಲಾಸ್ಕಿಗೆ ನಲವತ್ತು ದಿನ ಒಂದು ಹರಳು ಸಕ್ಕರೆನೂ ಸಿಕ್ಕಿಲ್ಲ. ಪೂರ್ತಿ ಉಪವಾಸ" ಎಂದು ಕಲ್ಪನಾ ಮೇಡಂ ಹೇಳಿದಾಗ, ಸಭಾಂಗಣದ ಕೊನೆಯ ಬೆಂಚಿನಲ್ಲಿ ಚಹಾದ ಕೆಟಲ್ ಪಕ್ಕ ಕೂತಿದ್ದ ಜುಂಜಪ್ಪ ತಲೆ ಎತ್ತಿದ. ಕೈಯಲ್ಲಿದ್ದ ಕಾಗದದ ಲೋಟ ಹಿಸುಕಿಹೋಗಿ ಬಿಸಿ ಚಹಾ ಅಂಗೈ ಮೇಲೆ ಚೆಲ್ಲಿತು. ಸುಟ್ಟಿದ್ದು ಅವನಿಗೆ ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದ ಹುಡುಗಿ, "ಅಣ್ಣಾ, ಕೈ!" ಎಂದಮೇಲೆ ಒರೆಸಿಕೊಂಡ.

ಒಂದು ಹರಳು ಸಕ್ಕರೆ ಸಿಕ್ಕಿಲ್ಲವಂತೆ. ಆ ಹನ್ನೆರಡಕ್ಕೂ ಮೂರು ಸಲ ಸಕ್ಕರೆ ಹಾಕಿದವನು ಅವನೇ.

ಜುಂಜಪ್ಪ ಯಾರೆಂದು ಮೊದಲು ಹೇಳಿಬಿಡಬೇಕು. ಇಲ್ಲದಿದ್ದರೆ ಓದುವವರು ಅವನನ್ನು ಕಿಡಿಗೇಡಿ ಎಂದೋ ದಡ್ಡ ಎಂದೋ ತಿಳಿದಾರು. ಅವನು ಎರಡೂ ಅಲ್ಲ. ಚನ್ನಗಿರಿಯ ಒಂದು ಕಾಲೇಜಿನ ಜೀವಶಾಸ್ತ್ರ ಲ್ಯಾಬಿನಲ್ಲಿ ಮೂವತ್ತೊಂದು ವರ್ಷದಿಂದ ಅಟೆಂಡರ್. ಹುಟ್ಟಿದ್ದು ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಅಪ್ಪನ ಮಂದೆಯ ಹಿಂದೆ ಹತ್ತು ವರ್ಷ ತಿರುಗಿದ. ಹೊಲದವರು ಗೊಬ್ಬರದ ಆಸೆಗೆ ಮಂದೆ ಕರೆಸಿಕೊಳ್ಳುತ್ತಿದ್ದರು. ಅಪ್ಪನ ಮನೆಯಲ್ಲಿ ಒಂದು ರೂಢಿಯಿತ್ತು: ಈದ ಕುರಿ, ಕುಂಟ ಕುರಿ, ತಾಯಿ ಸತ್ತ ಮರಿ, ಇವುಗಳ ಬಾಯಿಗೆ ಏನಾದರೂ ಬಿದ್ದಮೇಲೆಯೇ ಮನುಷ್ಯರ ಮುದ್ದೆ. ಹಬ್ಬದ ದಿನವಂತೂ ಉಸಿರಾಡುವ ಯಾವುದನ್ನೂ ಬರಿಹೊಟ್ಟೆಯಲ್ಲಿ ಬಿಡುವ ಮಾತೇ ಇಲ್ಲ. ನಾಯಿಗೆ, ಬೆಕ್ಕಿಗೆ, ಕೊನೆಗೆ ಇರುವೆ ಗೂಡಿನ ಬಾಯಿಗೂ ಒಂದು ಚಿಟಿಕೆ.

ಎಸ್ಸೆಸ್ಸೆಲ್ಸಿ ಎರಡನೇ ಸಲಕ್ಕೆ ಪಾಸಾದ ಮೇಲೆ ಈ ಕಾಲೇಜಿಗೆ ಗಾಜು ತೊಳೆಯಲು ಬಂದ. ಬಂದ ಮೊದಲ ವಾರವೇ ನಾಲ್ಕು ಬೀಕರು ಒಡೆದು ಬೈಸಿಕೊಂಡನಂತೆ. ಆಮೇಲೆ ಒಡೆದದ್ದಿಲ್ಲ. ಯಾರೂ ಕೂರಿಸಿ ಕಲಿಸಲಿಲ್ಲ. ನೋಡಿ ನೋಡಿಯೇ ಕಲಿತ. ಆಟೋಕ್ಲೇವ್ ಎಂದರೆ ಪ್ರೆಷರ್ ಕುಕ್ಕರಿನ ದೊಡ್ಡಣ್ಣ. ಅದರಲ್ಲಿ ಹದಿನೈದು ಪೌಂಡ್ ಒತ್ತಡದಲ್ಲಿ ಇಪ್ಪತ್ತು ನಿಮಿಷ ಬೆಂದ ನೀರಿನಲ್ಲಿ ಒಂದು ಕ್ರಿಮಿಯೂ ಉಳಿಯುವುದಿಲ್ಲ ಎಂದು ತಿಳಿದುಕೊಂಡ. ಸ್ಪಿರಿಟ್ ದೀಪದ ಜ್ವಾಲೆಯ ಪಕ್ಕದಲ್ಲೇ ಫ್ಲಾಸ್ಕಿನ ಹತ್ತಿ ಬಿರಡೆ ತೆಗೆಯಬೇಕು, ಕಿರುಬೆರಳಲ್ಲೇ ಬಿರಡೆ ಹಿಡಿದಿರಬೇಕು, ಬಾಯಿಯನ್ನು ಬೆಂಕಿಗೆ ಹಿಡಿದು ತಕ್ಷಣ ಮುಚ್ಚಬೇಕು. ಇದನ್ನು ಎಂಎಸ್ಸಿ ಓದಿದವರೂ ಹತ್ತರಲ್ಲಿ ಮೂರು ಸಲ ಕೆಡಿಸುತ್ತಾರೆ, ಆಮೇಲೆ ಫ್ಲಾಸ್ಕಿನಲ್ಲಿ ಬೂಸ್ಟು ಬರುತ್ತದೆ. ಜುಂಜಪ್ಪ ಮುಟ್ಟಿದ ಫ್ಲಾಸ್ಕಿಗೆ ಬೂಸ್ಟು ಬಂದ ಉದಾಹರಣೆ ಇಲ್ಲ. "ಜುಂಜಪ್ಪನ ಕೈ" ಎನ್ನುವುದು ಆ ಲ್ಯಾಬಿನಲ್ಲಿ ಒಂದು ಮಾತೇ ಆಗಿಬಿಟ್ಟಿತ್ತು. ಬರುವ ಜೂನ್‌ಗೆ ಅವನ ನಿವೃತ್ತಿ.

ಅವನದೇ ಒಂದು ಸಾಕಣೆಯೂ ಇತ್ತು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಸೂಳೆಕೆರೆಗೆ ಹೋಗಿ, ಏರಿಯ ಕೆಳಗಿನ ಹಳ್ಳಿಯಿಂದ ಒಂದು ಹಿಡಿ ಬತ್ತದ ಹುಲ್ಲು, ಕೆರೆಯಿಂದ ಒಂದು ಕ್ಯಾನ್ ನೀರು ತರುತ್ತಿದ್ದ. ಹುಲ್ಲು ಬೇಯಿಸಿ ನೀರಿಗೆ ಬೆರೆಸಿಟ್ಟರೆ ವಾರದೊಳಗೆ ಪ್ಯಾರಮೀಸಿಯಂ ತುಂಬಿಕೊಳ್ಳುತ್ತವೆ. ಒಂದೇ ಕೋಶದ ಜೀವಿ, ಮೈಕ್ರೋಸ್ಕೋಪಿನಲ್ಲಿ ಚಪ್ಪಲಿಯ ಹಾಗೆ ಕಾಣುತ್ತದೆ. ಅವನು ಅವನ್ನು ಚಪ್ಪಲಿ ಹುಳ ಎನ್ನುತ್ತಿದ್ದ. ದಸರಾ ರಜೆಯಲ್ಲೂ ಬಂದು ಅವುಗಳ ಹುಲ್ಲಿನ ಕಷಾಯ ಬದಲಿಸಿ ಹೋಗುತ್ತಿದ್ದ ಪುಣ್ಯಾತ್ಮ.

ಇಂಥವನ ಲ್ಯಾಬಿಗೆ ನಾಲ್ಕು ವರ್ಷದ ಹಿಂದೆ ಕಲ್ಪನಾ ಬಂದರು. ಹೊನ್ನಾಳಿಯವರು. ಮೊದಲು ನ್ಯಾಮತಿಯಲ್ಲಿ ಪಾಠ ಮಾಡುತ್ತಿದ್ದು ಇಲ್ಲಿಗೆ ವರ್ಗವಾಗಿದ್ದರು. ಪಾಠದ ಜೊತೆಗೇ ಪಿಎಚ್‌ಡಿ. ಅವರ ಗೈಡ್ ತಿಪ್ಪೇರುದ್ರಸ್ವಾಮಿ ದೂರದ ವಿಶ್ವವಿದ್ಯಾಲಯದಲ್ಲಿದ್ದರು. ಕಲ್ಪನಾ ಅಲ್ಲಿಂದ ಐಸ್ ಡಬ್ಬಿಯಲ್ಲಿ ಯೀಸ್ಟ್ ತಂದು ಇಲ್ಲಿ ಬೆಳೆಸುತ್ತಿದ್ದರು. ಬ್ರೆಡ್ಡು ಉಬ್ಬಿಸುವ ಯೀಸ್ಟೇ, ಅದೂ ಒಂದೇ ಕೋಶದ್ದು. ಎರಡು ಸಲ ಪ್ರಯೋಗಕ್ಕೆ ಬೂಸ್ಟು ಬಡಿಯಿತು, ಒಂದು ಸಲ ಕರೆಂಟು ಕೈಕೊಟ್ಟಿತು. ಪಾಪ, ಬಾಗಿಲ ಹಿಂದೆ ನಿಂತು ಅತ್ತದ್ದನ್ನು ಜುಂಜಪ್ಪ ನೋಡಿದ್ದ. ಬರುವ ಮಾರ್ಚ್‌ಗೆ ಅವರ ಪಿಎಚ್‌ಡಿ ಅವಧಿ ಮುಗಿಯುತ್ತಿತ್ತು. ಹೋದ ದಸರಾಕ್ಕೆ ವಾರ ಮುಂಚೆ ಕೊನೆಯ ಪ್ರಯತ್ನವೆಂದು ಹನ್ನೆರಡು ಫ್ಲಾಸ್ಕು ಹೂಡಿದರು. ಆರಕ್ಕೆ ಹಸಿರು ಟೇಪು, ಆರಕ್ಕೆ ಕೆಂಪು ಟೇಪು.

ಹೂಡಿ, ಹಬ್ಬಕ್ಕೆ ಹೊನ್ನಾಳಿಗೆ ಹೊರಟಾಗ ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: "ಜುಂಜಪ್ಪಣ್ಣ, ಇವನ್ನ ನಿಮ್ಮ ಮಕ್ಕಳ ಹಂಗೆ ನೋಡ್ಕಳ್ರಿ. ಕರೆಂಟ್ ಹೋದ್ರೆ ಜನರೇಟರ್ ಹಾಕ್ರಿ."

"ನೀವೇನು ಚಿಂತೆ ಮಾಡಬ್ಯಾಡ್ರಿ ಮೇಡಂ. ನಾನಿದೀನಲ್ಲ" ಎಂದ ಜುಂಜಪ್ಪ.

ಆ ಫ್ಲಾಸ್ಕುಗಳನ್ನು ಉಪವಾಸ ಕೆಡವಿದ್ದಾರೆ, ಉಪವಾಸ ಕೆಡವುವುದೇ ಪ್ರಯೋಗ ಎಂದು ಅವನಿಗೆ ಯಾರೂ ಹೇಳಲಿಲ್ಲ. ನಮ್ಮ ಕಾಲೇಜುಗಳಲ್ಲಿ ಅಟೆಂಡರಿಗೆ ಏನು ತೊಳೆಯಬೇಕು, ಏನು ಎತ್ತಿಡಬೇಕು ಎಂದು ಹೇಳುತ್ತಾರೆ. ಯಾಕೆ ಎಂದು ಹೇಳುವುದು ಯಾರ ಕೆಲಸವೂ ಅಲ್ಲ. ಗೋಡೆಗೆ ಅಂಟಿಸಿದ ಎರಡು ಪುಟದ ವಿವರಣೆ ಇಂಗ್ಲಿಷಿನಲ್ಲಿತ್ತು, ಅದರ ಮೇಲಿನ ಧೂಳನ್ನು ಒರೆಸಿದವನು ಮಾತ್ರ ಅವನೇ.

ಆಯುಧಪೂಜೆಯ ದಿನ ಬೆಳಿಗ್ಗೆಯೇ ಬಂದು ಲ್ಯಾಬು ತೊಳೆದ. ಮೈಕ್ರೋಸ್ಕೋಪುಗಳಿಗೆ, ಆಟೋಕ್ಲೇವಿಗೆ, ತಕ್ಕಡಿಗೆ ವಿಭೂತಿ ಕುಂಕುಮ ಹಚ್ಚಿದ. ನಮ್ಮ ಕಡೆ ಆಯುಧಪೂಜೆ ಎಂದರೆ ಮಂಡಕ್ಕಿ ಇಲ್ಲದೆ ನಡೆಯುವುದುಂಟೆ? ಮಂಡಕ್ಕಿ, ಪುಟಾಣಿ, ಬಾಳೆಹಣ್ಣು, ಸಕ್ಕರೆ, ಎಲ್ಲವನ್ನೂ ಎಲೆಯ ಮೇಲಿಟ್ಟು ಒಂದೊಂದು ಯಂತ್ರದ ಮುಂದೆ ಎಡೆ ಇಟ್ಟ. ಕರ್ಪೂರ ಹಚ್ಚಿ ತಿರುಗಿದರೆ, ಮೂಲೆಯ ಶೇಕರಿನ ಮೇಲೆ ಹನ್ನೆರಡು ಫ್ಲಾಸ್ಕುಗಳು ಮೆಲ್ಲಗೆ ತೂಗಾಡುತ್ತಿದ್ದವು. ಮೊದಲು ಹಾಲಿನ ಹಾಗೆ ದಟ್ಟವಾಗಿದ್ದ ನೀರು ತಿಳಿಯಾಗಿ ತಳ ಕಾಣುತ್ತಿತ್ತು. ಯೀಸ್ಟಿಗೆ ಹೊಟ್ಟೆಗೆ ಸಾಲದೆ ಹೋದರೆ ಹೀಗಾಗುತ್ತದೆಂದು ಅವನ ಕಣ್ಣಿಗೆ ಗೊತ್ತು. ಉಸಿರಿಲ್ಲದ ಕಬ್ಬಿಣಕ್ಕೆ ಬಾಳೆಹಣ್ಣು ಇಟ್ಟು, ಉಸಿರಿರುವ ಇವನ್ನು ಹಬ್ಬದ ದಿನ ಹಸಿದುಕೊಂಡಿರಲಿ ಎಂದು ಬಿಟ್ಟು ಹೋಗುವುದೇ? ಮಕ್ಕಳ ಹಾಗೆ ನೋಡಿಕೊಳ್ಳಿ ಎಂದು ಬೇರೆ ಹೇಳಿ ಹೋಗಿದ್ದಾರೆ.

ಎಡೆಯ ಸಕ್ಕರೆಯನ್ನೇ ನೀರಿನಲ್ಲಿ ಕರಗಿಸಿದ. ಸೋಸಿದ. ಹದಿನೈದು ಪೌಂಡ್, ಇಪ್ಪತ್ತು ನಿಮಿಷ ಬೇಯಿಸಿದ. ಆರಿಸಿ, ಸ್ಪಿರಿಟ್ ದೀಪ ಹಚ್ಚಿ, ಒಂದೊಂದು ಫ್ಲಾಸ್ಕಿನ ಬಿರಡೆ ಕಿರುಬೆರಳಲ್ಲಿ ಹಿಡಿದು, ಒಂದೊಂದಕ್ಕೂ ಐದು ಎಂಎಲ್ ಸಕ್ಕರೆ ನೀರು ಬಿಟ್ಟ. ಹಸಿರಿಗೂ ಅಷ್ಟೇ, ಕೆಂಪಿಗೂ ಅಷ್ಟೇ. ಪಂಕ್ತಿಭೇದ ಮಾಡಿದರೆ ದೇವರು ಮೆಚ್ಚುವನೇ?

ಆರು ದಿನಕ್ಕೆ ಸೀಗೆ ಹುಣ್ಣಿಮೆ ಬಂತು. ಬಿಳಿಚೋಡಿನಲ್ಲಿ ಅವತ್ತು ಪೈರು ಬಸುರಿ ಎಂದು ಹೊಲಕ್ಕೆ ಚರಗ ಚೆಲ್ಲುತ್ತಾರೆ, ಕಾಳು ಕಟ್ಟುವ ತೆನೆಗೂ ಊಟ. ಅವತ್ತೂ ಐದು ಎಂಎಲ್. ದೀಪಾವಳಿಗೆ ಮತ್ತೆ ಐದು. ಹೇಳಿಕೊಳ್ಳುವ ದೊಡ್ಡ ಕೆಲಸವೇನಲ್ಲ ಅದು ಎಂದು ಯಾರಿಗೂ ಹೇಳಲಿಲ್ಲ. ಬಾಗಿಲಿಗೆ ಬಂದ ಹಸುವಿಗೆ ಒಂದು ರೊಟ್ಟಿ ಕೊಟ್ಟದ್ದನ್ನು ಯಾರಾದರೂ ಊರಿಗೆ ಸಾರುತ್ತಾರೆಯೇ?

ನವೆಂಬರಿನಲ್ಲಿ ಲ್ಯಾಬಿಗೆ ಹಬ್ಬ ಬಂದಂತಾಯಿತು. ಕಲ್ಪನಾ ಮೇಡಂ ಓಡಾಡಿದ್ದೇನು, ಫೋನಿನಲ್ಲಿ ಕೂಗಿದ್ದೇನು! ಗೈಡ್ ಕಾರು ಮಾಡಿಕೊಂಡು ಬಂದರು. "ಇಂಥ ಫಲಿತಾಂಶ ಯಾರಿಗೂ ಬಂದಿಲ್ಲ" ಎಂದರು. ಮೇಡಂ ಫ್ಲಾಸ್ಕಿನ ದ್ರಾವಣಕ್ಕೆ ಸೂಳೆಕೆರೆಯ ನೀರು ಬಳಸಿದ್ದರಿಂದ, ಅದರಲ್ಲಿನ ಯಾವುದೋ ಲವಣದ ಪ್ರಭಾವ ಇರಬಹುದೆಂದು ಊಹೆ ಹುಟ್ಟಿತು. ರಮೇಶ್ ಎಂಬ ವರದಿಗಾರ ಆ ಊಹೆಗೆ ಕೊಂಬು ಕೋಡು ಹಚ್ಚಿ "ಸೂಳೆಕೆರೆ ನೀರಿನ ಮಹಿಮೆ: ಸಾಯದ ಯೀಸ್ಟ್!" ಎಂದು ಬರೆದ. ಊರವರು ಕುತೂಹಲಪಟ್ಟಿದ್ದಕ್ಕೇ ಪ್ರಿನ್ಸಿಪಾಲರು ಈ ಭಾಷಣ ಇಡಿಸಿದ್ದು, ಅದೂ ಕನ್ನಡದಲ್ಲಿ. ಹಾಗಾಗಿ ಜುಂಜಪ್ಪ ತನ್ನ ಲ್ಯಾಬಿನಲ್ಲಿ ಏನು ನಡೆಯುತ್ತಿದೆ ಎಂದು ಮೊದಲ ಸಲ ಕೇಳಿದ್ದು ಅವತ್ತು, ಕೆಟಲ್ ಪಕ್ಕ ಕೂತು.

"ನಮ್ಮ ಹೊನ್ನಾಳಿ ಕಡೆ ಮದುವೇಲಿ ಅಜ್ಜಿಯರು ಸೋಬಾನೆ ಹಾಡ್ತಾರೆ" ಎಂದು ಮೇಡಂ ಶುರುಮಾಡಿದ್ದರು. "ಸಾಲು ಮುಗಿದ ಕೂಡ್ಲೆ 'ಸೋ' ಅಂತ ಎಳೀತಾರೆ. ಅದಕ್ಕೆ ಅರ್ಥ ಇಲ್ಲ. ಪದದ ಕಥೆ ಹೇಳ್ರಿ ಅಂದ್ರೆ ಅದನ್ನ ಬಿಟ್ಟೇ ಹೇಳ್ತಾರೆ. ಜೀನ್ ಒಳಗೂ ಹಂಗೆ ಮಧ್ಯೆ ಮಧ್ಯೆ ಅರ್ಥ ಇಲ್ಲದ ತುಂಡು ಇರ್ತಾವೆ. ಅವನ್ನ ಇಂಟ್ರಾನ್ ಅಂತೀವಿ. ಜೀವಕೋಶ ಜೀನನ್ನ ನಕಲು ಮಾಡ್ಕಂಡು, ಆ ನಕಲಿನಿಂದ ಇಂಟ್ರಾನ್ ಕತ್ತರಿಸಿ ಬಿಸಾಕಿ, ಉಳಿದಿದ್ದನ್ನ ಜೋಡಿಸ್ಕಂಡು ಕೆಲಸ ಮಾಡ್ತದೆ. ನಮ್ಮ ಜುಂಜಪ್ಪಣ್ಣ ಸಾಕೋ ಪ್ಯಾರಮೀಸಿಯಂನಾಗೆ ಸಾವಿರಾರು ಇಂಟ್ರಾನ್, ಆದ್ರೆ ಒಂದೊಂದೂ ಚೋಟುದ್ದ, ಇಪ್ಪತ್ತೈದು ಅಕ್ಷರದ್ದು. ಯೀಸ್ಟಿನ ಆರು ಸಾವಿರ ಜೀನ್‌ನಾಗೆ ಎಲ್ಲಾ ಸೇರಿ ಮುನ್ನೂರು ಚಿಲ್ಲರೆ ಅಷ್ಟೇ."

ಎಲ್ಲರೂ ತಿರುಗಿ ನೋಡಿದ್ದರು. ಜುಂಜಪ್ಪ ನಾಚಿಕೊಂಡು ಹಲ್ಲು ಕಿರಿದಿದ್ದ.

"ಬಿಸಾಕೋದೇ ಆದ್ರೆ ಇಟ್ಕಂಡಿದ್ದು ಯಾಕೆ? ಹೊರದೇಶದ ಲ್ಯಾಬಿನೋರು ಯೀಸ್ಟಿನಿಂದ ಒಂದೊಂದೇ ಇಂಟ್ರಾನ್ ಕಿತ್ತು ನೋಡಿದ್ರು. ಹೊಟ್ಟೆ ತುಂಬಿದ್ದಾಗ ಏನೂ ವ್ಯತ್ಯಾಸ ಇಲ್ಲ. ಉಪವಾಸ ಕೆಡವಿದಾಗ, ಇಂಟ್ರಾನ್ ಕಿತ್ತಿದ್ದವು ಮೊದಲು ಸತ್ತವು. ಹಾಡೋರಿಗೆ ಉಸಿರು ಎಳ್ಕಳಾಕೆ ಆ 'ಸೋ' ಬೇಕಲ್ಲ, ಹಂಗೆ. ಅಂದ್ರೆ ಇಂಟ್ರಾನ್ ಬರಗಾಲಕ್ಕೆ ಕಾಯೋ ವಸ್ತು. ನಾವು ಅದನ್ನೇ ಇಲ್ಲಿ ಪರೀಕ್ಷೆ ಮಾಡಿದ್ವಿ. ಹಸಿರು ಟೇಪಿನವು ಇಂಟ್ರಾನ್ ಇರೋವು, ಕೆಂಪು ಟೇಪಿನವು ಕಿತ್ತಿರೋವು. ನಲವತ್ತು ದಿನ ಪೂರ್ತಿ ಉಪವಾಸ. ನಮ್ಮ ಕೆಂಪು ಸಾಯಲಿಲ್ಲ!"

ಚಪ್ಪಾಳೆ ಬಿತ್ತು. ಜುಂಜಪ್ಪ ಮಾತ್ರ ಅಂಗೈ ಒರೆಸುತ್ತಾ ಕೂತಿದ್ದ. ಮುಂದಿನ ಗುರುವಾರ ಮೈಸೂರಿನಲ್ಲಿ ಇದೇ ಮಾತನ್ನು ದೊಡ್ಡ ವಿಜ್ಞಾನಿಗಳ ಮುಂದೆ ಹೇಳುವುದಾಗಿ, ಅದೇ ವಾರ ಪ್ರಬಂಧವೂ ಪತ್ರಿಕೆಗೆ ಹೋಗುವುದಾಗಿ ಪ್ರಿನ್ಸಿಪಾಲರು ಸಾರಿದರು. ಜುಂಜಪ್ಪ ಎದ್ದ. ಚಹಾ ಹಂಚುವುದನ್ನು ಬೇರೆಯವರಿಗೆ ಬಿಟ್ಟು ಮನೆಗೆ ಹೋದ.

ಮಧ್ಯಾಹ್ನದ ಊಟಕ್ಕೆ ಕೂತವನ ಮುಖ ನೋಡಿ ಹೆಂಡತಿ ಕರಿಬಸಮ್ಮ, "ಏನಾತು? ಯಾರಿಗೇನಾತು?" ಎಂದಳು. ಇರುವುದನ್ನೆಲ್ಲ ಹೇಳಿದ. ಅವಳಿಗೆ ಮೊದಲು ಅರ್ಥವಾಗಲಿಲ್ಲ.

"ಹೊಟ್ಟೆಗೆ ಹಾಕಿದ್ದು ತಪ್ಪಾತಾ? ಕೊಂದ್ರೆ ತಪ್ಪು ಅಂತಾರೆ, ಉಣ್ಣಿಸಿದ್ರೆ ತಪ್ಪು ಅನ್ನೋದು ಎಲ್ಲೈತೆ?"

"ಅವರಿಗೆ ಸಾಯೋದು ಬೇಕಿತ್ತು ಕಣೆ. ಯಾವುದು ಸಾಯ್ತದೆ, ಯಾವುದು ಬದುಕ್ತದೆ ಅಂತ ನೋಡಾಕೆ ಇಟ್ಟಿದ್ರು. ನಾನು ಎಲ್ಲವಕ್ಕೂ ಉಣ್ಣಿಸಿದೆ. ಈಗ ಬದುಕಿದ್ವು ಅಂತ ಊರೆಲ್ಲಾ ಸಾರ್ತಾವ್ರೆ."

ಕರಿಬಸಮ್ಮ ಸಾರಿನ ಸೌಟು ಹಿಡಿದುಕೊಂಡೇ ನಿಂತಳು. "ಅಯ್ಯೋ ಶಿವನೇ. ಹಂಗಾದ್ರೆ ಆ ಹುಡುಗಿ ಹೇಳ್ತಿರೋದು ಸುಳ್ಳಾ?"

"ಆಕೆಗೆ ಸುಳ್ಳು ಅಂತ ಗೊತ್ತಿಲ್ಲ. ನಂಗೊಬ್ಬನಿಗೇ ಗೊತ್ತಿರೋದು."

ಹೇಳಿದರೆ ಆ ಹೆಣ್ಣುಮಗಳ ನಾಲ್ಕು ವರ್ಷ ಮಣ್ಣುಪಾಲು. ಮೂವತ್ತೊಂದು ವರ್ಷ ಉಳಿಸಿಕೊಂಡ ಕೈಯ ಹೆಸರು ನಿವೃತ್ತಿಗೆ ಏಳು ತಿಂಗಳಿರುವಾಗ ಹೋಗುತ್ತದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಸುಳ್ಳು ಮಾತ್ರ ಮೈಸೂರಿಗೆ ಹೋಗುತ್ತದೆ, ಅಲ್ಲಿಂದ ಎಲ್ಲೆಲ್ಲಿಗೋ. ಯಾರೋ ಓದಿದವರು ಅದನ್ನು ನಂಬಿ ತಮ್ಮ ನಾಲ್ಕು ವರ್ಷ ಹಾಕುತ್ತಾರೆ. ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಎಷ್ಟು ದೂರ ನಡೆಯಬಹುದು? ಅವನು ಮುದ್ದೆ ಮುರಿಯದೆ ಎದ್ದ. ಕರಿಬಸಮ್ಮ ತಡೆಯಲಿಲ್ಲ. "ಹೋಗಿ ಹೇಳಿ ಬರ್ರಿ. ಬೈದ್ರೆ ಬೈಸ್ಕಳ್ರಿ" ಎಂದಳು.

ಲ್ಯಾಬಿನಲ್ಲಿ ಕಲ್ಪನಾ ಮೇಡಂ ಒಬ್ಬರೇ ಇದ್ದರು. ಭಾಷಣಕ್ಕೆ ಉಟ್ಟ ರೇಷ್ಮೆ ಸೀರೆಯ ಮೇಲೇ ಬಿಳಿ ಕೋಟು ಹಾಕಿಕೊಂಡು ಏನೋ ಬರೆಯುತ್ತಿದ್ದರು.

"ಎಲ್ಲಿ ಹೋಗಿದ್ರಿ ಜುಂಜಪ್ಪಣ್ಣ? ಎಲ್ಲಾರೂ ನಿಮ್ಮ ಚಪ್ಪಲಿ ಹುಳ ನೋಡ್ಬೇಕು ಅಂತಿದ್ರು."

"ಮೇಡಂ, ಒಂದು ಮಾತು ಹೇಳಬೇಕು. ನಿಂತ್ಕಂಡೇ ಹೇಳ್ತೀನಿ." ಶೇಕರಿನ ಕಡೆ ಕೈ ತೋರಿಸಿದ. "ಆ ಫ್ಲಾಸ್ಕು ಉಪವಾಸ ಇರಲಿಲ್ಲ ಮೇಡಂ. ನಾನು ಸಕ್ಕರೆ ಹಾಕಿದ್ದೆ."

ಅವರು ನಕ್ಕರು. ತಮಾಷೆ ಎಂದುಕೊಂಡಿರಬೇಕು. ಅವನ ಮುಖ ನೋಡಿದ ಮೇಲೆ ನಗು ಅರ್ಧಕ್ಕೇ ನಿಂತಿತು.

"ಯಾವ ಫ್ಲಾಸ್ಕಿಗೆ?"

"ಎಲ್ಲಕ್ಕೂ. ಆಯುಧಪೂಜೆಗೆ ಒಂದ್ಸಲ, ಸೀಗೆ ಹುಣ್ಣಿಮೆಗೆ, ದೀಪಾವಳಿಗೆ. ಐದೈದು ಎಂಎಲ್. ಹಬ್ಬ ಅಲ್ಲೇನ್ರಿ, ಜೀವ ಇರೋವು ಹಂಗೇ ಇರಬಾರದು ಅಂತ... ನೀವು ಮಕ್ಕಳ ಹಂಗೆ ನೋಡ್ಕಳ್ರಿ ಅಂದಿದ್ರಿ."

ಮೇಡಂ ಕುರ್ಚಿಯ ಹಿಡಿ ಹಿಡಿದುಕೊಂಡರು. ಕೇಳಿದ್ದು ವಿಚಿತ್ರ ಪ್ರಶ್ನೆ: "ಬೂಸ್ಟು ಯಾಕೆ ಬರಲಿಲ್ಲ?"

"ಸಕ್ಕರೆ ನೀರು ಬೇಯಿಸಿದ್ದೆ. ದೀಪದ ಹತ್ರನೇ ಬಿರಡೆ ತೆಗೆದಿದ್ದು. ಬೂಸ್ಟು ಹೆಂಗೆ ಬರ್ತದೆ ಮೇಡಂ?" ಎಂದ ಜುಂಜಪ್ಪ. ಹೇಳುವಾಗ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇಣುಕಿತು, ಅದಕ್ಕೆ ಅವನೇ ನಾಚಿದ. ಬೇರೆ ಯಾರಾದರೂ ಈ ಕೆಲಸ ಮಾಡಿದ್ದರೆ ಮೂರು ದಿನಕ್ಕೆ ಬೂಸ್ಟು ಬಂದು ಗುಟ್ಟು ರಟ್ಟಾಗುತ್ತಿತ್ತು. ಅವನ ಕೈ ಅಷ್ಟು ಚೊಕ್ಕವಾಗಿದ್ದದ್ದೇ ಮುಳುವಾಯಿತು.

ಈಗ ಬೈಗುಳ ಬೀಳುತ್ತದೆ ಎಂದು ತಲೆ ತಗ್ಗಿಸಿ ನಿಂತ. ಬೀಳಲಿಲ್ಲ. ಮೇಡಂ ಎದ್ದು ಬೀರು ತೆಗೆದು ಪ್ರಯೋಗದ ನೋಟ್‌ಬುಕ್ ತಂದು ಅವನ ಮುಂದೆ ಬಿಚ್ಚಿದರು. ಪ್ರತಿ ಸೋಮವಾರ ಫ್ಲಾಸ್ಕಿನಿಂದ ಒಂದು ತೊಟ್ಟು ತೆಗೆದು ತಟ್ಟೆಯ ಮೇಲೆ ಬೆಳೆಸಿ, ಎದ್ದ ಚುಕ್ಕೆಗಳನ್ನು ಎಣಿಸಿ ಬರೆದ ಸಾಲುಗಳು. ಒಂದು ಚುಕ್ಕೆ ಎಂದರೆ ಒಂದು ಜೀವ ಉಳಿದಿತ್ತು ಎಂದು ಲೆಕ್ಕ. ಆರು ಸೋಮವಾರಗಳಲ್ಲಿ ಮೂರರ ಎಣಿಕೆಯನ್ನು ಕೆಂಪು ಗೆರೆ ಎಳೆದು ಹೊಡೆದುಹಾಕಿತ್ತು.

"ನೋಡ್ರಿ" ಎಂದರು. ಒಂದು ಸಾಲಿನ ಮೇಲೆ ಬೆರಳಿಟ್ಟರು. "ದಸರಾ ಆದ ಸೋಮವಾರ ಚುಕ್ಕೆ ಏರಿದ್ವು. ಉಪವಾಸ ಇರೋವು ಕಮ್ಮಿ ಆಗಬೇಕು, ಇಲ್ಲ ಅಷ್ಟೇ ಇರಬೇಕು. ಏರಾಕೆ ಸಾಧ್ಯನೇ ಇಲ್ಲ. ನಾನೇ ಎಣಿಸಿದ್ದು ತಪ್ಪು ಅಂದ್ಕಂಡೆ. ಮುಂದಿನ ಸೋಮವಾರ ಮತ್ತೆ ಏರಿದ್ವು. ನಿದ್ದೆಗಣ್ಣಾಗೆ ಎಣಿಸಿದೀನಿ ಅಂದ್ಕಂಡೆ. ದೀಪಾವಳಿ ಆದ್ಮೇಲೆ ಏರಿದಾಗ..." ನಿಲ್ಲಿಸಿದರು. "ಆಗ ಏನೂ ಅಂದ್ಕಳಲಿಲ್ಲ ಜುಂಜಪ್ಪಣ್ಣ. ಸುಮ್ನೆ ಗೆರೆ ಎಳೆದೆ. ಕೆಂಪು ಸಾಯ್ತಿಲ್ಲ ಅನ್ನೋದು ನನಗೆ ಅಷ್ಟು ಚೆಂದ ಕಂಡಿತ್ತು."

ಜುಂಜಪ್ಪನಿಗೆ ಸಿಡಿಲು ಬಡಿದಂತಾಯಿತು. ತಾನೊಬ್ಬನೇ ಹೊತ್ತಿದ್ದೇನೆ ಎಂದುಕೊಂಡ ಭಾರದ ಇನ್ನೊಂದು ತುದಿ ಇವರ ಹೆಗಲ ಮೇಲಿತ್ತು! ಅವನದು ತಿಳಿಯದೆ ಮಾಡಿದ್ದು. ಇವರದು? ಓದಿದವರು, ಪಾಠ ಹೇಳುವವರು, ಲೆಕ್ಕ ತಪ್ಪಿದರೆ ಮಕ್ಕಳ ಪುಸ್ತಕ ಎಸೆಯುವವರು. ಒಂದು ಕ್ಷಣ ಅವನಿಗೆ ಸಿಟ್ಟೇ ಬಂತು. ಅವರ ಮುಖ ನೋಡಿದ ಮೇಲೆ ಸಿಟ್ಟು ನಿಲ್ಲಲಿಲ್ಲ.

"ಯಾರಿಗೂ ಹೇಳಬ್ಯಾಡ್ರಿ ಅಂತೀರಾ ಮೇಡಂ?" ಎಂದು ಕೇಳಿಯೇಬಿಟ್ಟ.

ಮೇಡಂ ನೋಟ್‌ಬುಕ್ ಮುಚ್ಚಿ ಪಕ್ಕಕ್ಕಿಟ್ಟರು. ಕಿಟಕಿಯಾಚೆ ಹುಡುಗರು ಬೈಕ್ ಸ್ಟಾರ್ಟ್ ಮಾಡಿ ಹೋದರು. ಆಮೇಲೆ ಫೋನ್ ಎತ್ತಿ ಗೈಡಿಗೆ ಹಚ್ಚಿದರು. "ಸರ್, ಪೇಪರ್ ಕಳಿಸಬೇಡಿ. ಫ್ಲಾಸ್ಕಿಗೆ ಸಕ್ಕರೆ ಬಿದ್ದಿದೆ. ನನಗೆ ಅನುಮಾನ ಬರಬೇಕಾಗಿತ್ತು, ಬಂದಿತ್ತು, ನಾನೇ ಮುಚ್ಚಿಟ್ಟೆ" ಎಂದರು. ಆ ಕಡೆಯಿಂದ ಬೈಗುಳ ಜುಂಜಪ್ಪ ನಿಂತಲ್ಲಿಗೂ ಕೇಳಿಸಿತು. ಸಕ್ಕರೆ ಯಾರು ಹಾಕಿದರು ಎಂದು ಅವರು ಮೂರು ಸಲ ಕೇಳಿದರೂ ಮೇಡಂ ಹೆಸರು ಹೇಳಲಿಲ್ಲ. ಜುಂಜಪ್ಪ ಸುಮ್ಮನಿರಲಾರದೆ ಫೋನಿನ ಹತ್ತಿರ ಬಾಯಿ ತಂದು, "ನಾನು ಸಾರ್, ಅಟೆಂಡರ್ ಜುಂಜಪ್ಪ" ಎಂದ. ಆ ಕಡೆ ಫೋನ್ ಕುಕ್ಕಿದ ಸದ್ದು.

ಮೇಡಂ ಮೈಸೂರಿಗೆ ಹೋಗಲಿಲ್ಲ. ವರದಿಗಾರ ರಮೇಶ್ ಬಂದು, "ತಿದ್ದುಪಡಿ ಹಾಕಿದ್ರೆ ನನ್ನ ಮರ್ಯಾದಿ ಏನ್ರಿ?" ಎಂದು ಗೊಣಗಿ ಹೋದ. ಕಾಲೇಜಿನಲ್ಲಿ ಕೆಲವರು ಬೆನ್ನ ಹಿಂದೆ "ಸಕ್ಕರೆ ಜುಂಜಪ್ಪ" ಎನ್ನತೊಡಗಿದರು. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಲಾದೀತೇ? ಇರಲಿ. ಮಾರ್ಚ್‌ಗೆ ಮುಂಚೆ ಇನ್ನೊಮ್ಮೆ ನಲವತ್ತು ದಿನದ ಪ್ರಯೋಗ ಹೂಡುವಷ್ಟು ಸಮಯ ಮಾತ್ರ ಉಳಿದಿತ್ತು. ಇದೂ ಕೆಟ್ಟರೆ ಕಲ್ಪನಾ ಮೇಡಂಗೆ ಪಿಎಚ್‌ಡಿ ಇಲ್ಲ, ಅಷ್ಟೇ. ಡಿಸೆಂಬರ್ ನಡುವಿನಲ್ಲಿ ಮತ್ತೆ ಹನ್ನೆರಡು ಫ್ಲಾಸ್ಕು ಹೂಡಿದರು. ಈ ಸಲ ಜುಂಜಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿ, ಎರಡು ಪುಟದ ವಿವರಣೆಯನ್ನು ಒಂದೊಂದು ಸಾಲಾಗಿ ಕನ್ನಡದಲ್ಲಿ ಹೇಳಿದರು.

ಆ ನಲವತ್ತು ದಿನ ಅವನು ಪಟ್ಟ ಸಂಕಟ ಅವನಿಗೇ ಗೊತ್ತು. ನೀರು ತಿಳಿಯಾಗುವುದನ್ನು ದಿನಾ ನೋಡಬೇಕು, ನೋಡಿ ಸುಮ್ಮನಿರಬೇಕು. ಸಂಕ್ರಾಂತಿಯ ದಿನ ಬೆಳಿಗ್ಗೆ ಲ್ಯಾಬಿಗೆ ಬಂದವನು ತನ್ನ ಮೇಲೆ ತನಗೇ ನಂಬಿಕೆಯಿಲ್ಲದೆ ಬೀಗದ ಕೈಯನ್ನು ಮೇಡಂಗೆ ಕೊಟ್ಟು ವಾಪಸು ಹೋದ. "ಇವತ್ತು ಇದು ನನ್ನ ಹತ್ರ ಬ್ಯಾಡ್ರಿ" ಎಂದ. ಮನೆಯಲ್ಲಿ ಕರಿಬಸಮ್ಮ ಕೊಟ್ಟ ಎಳ್ಳುಬೆಲ್ಲವನ್ನು ತಿನ್ನದೆ ಪಕ್ಕಕ್ಕಿಟ್ಟ.

ಈ ಸಲ ವಾರವಾರ ಬಿರಡೆ ತೆಗೆದಿರಲಿಲ್ಲ, ಜನವರಿ ಕೊನೆಗೆ ಒಂದೇ ಎಣಿಕೆ. ಮೇಡಂ ತಮಗಿಂತ ಜುಂಜಪ್ಪನ ಕೈಯೇ ಚೊಕ್ಕವೆಂದು ತಟ್ಟೆಗಳಿಗೆ ಹನಿ ಹಚ್ಚುವ ಕೆಲಸವನ್ನು ಅವನಿಗೇ ಕೊಟ್ಟಿದ್ದರು. ಎರಡು ದಿನದ ಮೇಲೆ ತಟ್ಟೆಗಳನ್ನು ಹೊರಗೆ ತೆಗೆದರು. ಹಸಿರಿನ ಆರು ತಟ್ಟೆಗಳಲ್ಲಿ ರಾಗಿ ಚೆಲ್ಲಿದ ಹಾಗೆ ಚುಕ್ಕೆಗಳು. ಕೆಂಪಿನ ಮೊದಲನೆಯದು ಖಾಲಿ. ಎರಡನೆಯದು ಖಾಲಿ. ಮೂರನೆಯದರಲ್ಲಿ ಒಂದು ಚುಕ್ಕೆ. ನಾಲ್ಕು, ಐದು ಖಾಲಿ. ಹಸಿದಾಗ ಇಂಟ್ರಾನ್ ಇಲ್ಲದವು ಸಾಯುತ್ತವೆ ಎಂದು ಹೊರದೇಶದವರು ಹೇಳಿದ್ದು ನಿಜವಾಯಿತು. ಹಣತೆ ಆರಿದ ಮನೆಯ ಹಾಗೆ ಆ ತಟ್ಟೆಗಳನ್ನು ನೋಡಿ ಜುಂಜಪ್ಪನ ಕಣ್ಣು ತುಂಬಿತು. ಆದರೂ ಮೇಡಂ ಉಳಿದರಲ್ಲ ಎಂದು ನಿಟ್ಟುಸಿರು ಬಿಟ್ಟ.

ಮೇಡಂ ಆರನೆಯ ತಟ್ಟೆಯ ಮುಚ್ಚಳ ಎತ್ತಿದರು.

ತುಂಬಾ ಚುಕ್ಕೆಗಳು. ಹಸಿರಿನಷ್ಟೇ. ಹಸಿರಿಗಿಂತ ಒಂದು ಕೈ ಹೆಚ್ಚೇ.

ತಟ್ಟೆಯ ಮೇಲಿನ ಕೆಂಪು ಗುರುತನ್ನು ಜುಂಜಪ್ಪ ಇನ್ನೊಮ್ಮೆ ನೋಡಿದ. ಐದು ಸತ್ತು ಒಂದೇ ಒಂದು ಹೀಗೆ ಬದುಕುವುದೆಂದರೇನು? ಯಾರಾದರೂ ನೋಡಿದರೆ ಏನು ಹೇಳುತ್ತಾರೆ ಎಂದು ಅವನಿಗೆ ಗೊತ್ತಿತ್ತು. ತಡೆಯಲಾರದೆ ಒಂದಕ್ಕಾದರೂ ಉಣ್ಣಿಸಿದ ಮುದುಕ ಎನ್ನುತ್ತಾರೆ. ಸಂಕ್ರಾಂತಿ ಒಂದು ದಿನ ಬಿಟ್ಟರೆ ಬೀಗದ ಕೈ ಅವನ ಸೊಂಟದಲ್ಲೇ ಇತ್ತು. ಅವನು ಹಾಕಿಲ್ಲ ಎನ್ನುವುದಕ್ಕೆ ಅವನ ಬಾಯಿಮಾತಿನ ಹೊರತು ಏನೂ ಇರಲಿಲ್ಲ.

ಮೇಡಂ ತಲೆ ಎತ್ತಿ ಅವನನ್ನು ನೋಡಿದರು. "ಜುಂಜಪ್ಪಣ್ಣ?"

ಆ ಒಂದು ಮಾತು ಅವನ ಎದೆಗೆ ನಾಟಿತು. ಕೇಳಬಾರದಿತ್ತು ಎಂದಲ್ಲ, ಕೇಳಲೇಬೇಕಿತ್ತು, ಅದೇ ನೋವು.

"ಇಲ್ಲ ಮೇಡಂ. ನಾನಲ್ಲ" ಎಂದ.

ಈ ಒಂದು ತಟ್ಟೆ ಇಲ್ಲದಿದ್ದರೆ ಎಲ್ಲ ಸಲೀಸಾಗಿ ಹೊಂದುತ್ತಿತ್ತು. ಕೆಂಪು ಗೆರೆ ಎಳೆದರೆ ಯಾರೂ ಕೇಳುವವರಿಲ್ಲ. ಇಟ್ಟರೆ ಗೈಡ್ ಕೇಳುತ್ತಾರೆ, ಪರೀಕ್ಷಕರು ಕೇಳುತ್ತಾರೆ, ನಿಮ್ಮ ಅಟೆಂಡರ್ ಮತ್ತೆ ಹಾಕಿದನೇ ಎಂದು ಎಲ್ಲರೂ ಕೇಳುತ್ತಾರೆ. ಕಲ್ಪನಾ ಮೇಡಂ ಪೆನ್ನು ಕೈಗೆತ್ತಿಕೊಂಡು ಇನ್ನೊಮ್ಮೆ ಅವನ ಮುಖ ನೋಡಿದರು. ಆಮೇಲೆ ತಟ್ಟೆಯನ್ನು ಬೆಳಕಿಗೆ ಹಿಡಿದು ಒಂದೊಂದೇ ಚುಕ್ಕೆ ಎಣಿಸಿದರು. ನೂರ ನಲವತ್ತೊಂದು.

ನೂರ ನಲವತ್ತೊಂದು ಎಂದೇ ಬರೆದರು. ಪಕ್ಕದಲ್ಲಿ, "ಯಾಕೆಂದು ಗೊತ್ತಿಲ್ಲ. ಸಕ್ಕರೆ ಹಾಕಿಲ್ಲ" ಎಂದು ಕನ್ನಡದಲ್ಲಿ ಬರೆದು ಕೆಳಗೆ ಸಹಿ ಹಾಕಿದರು. ಜುಂಜಪ್ಪ ಬಾಗಿ ಆ ಎರಡು ಸಾಲನ್ನು ಎರಡೆರಡು ಸಲ ಓದಿದ, ನಂಬಿಕೆ ಬರದವನ ಹಾಗೆ.